ಮನೆ ಮುಂದಿನ ಪುಟ್ಟ ಜಾಗಕ್ಕೆ ಬಂಡೆಗಲ್ಲು: ಯಾವುದು, ಎಷ್ಟು, ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ 40x60 ಸೈಟಿನಲ್ಲಿ ನಮ್ಮ ಮನೆ ಇದೆ. ಗೇಟಿನ ಪಕ್ಕದಲ್ಲಿ 14 ಅಡಿ ಉದ್ದ, 10 ಅಡಿ ಅಗಲದ ಖಾಲಿ ಜಾಗ. ಅದರ ಒಂದು ಮೂಲೆಯಲ್ಲಿ ಸಂಪ್, ಹಿಂದೆ ಕಾಂಪೌಂಡ್ ಗೋಡೆ. ಅಲ್ಲಿ ಕಲ್ಲು ಜೋಡಿಸಿ, ಸ್ವಲ್ಪ ನೀರು ಹರಿಯುವ ಹಾಗೆ ಮಾಡಬೇಕೆಂದು ಬಹಳ ದಿನದ ಆಸೆ. ಗಾರ್ಡನ್ ಕೆಲಸದವರೊಬ್ಬರು ಸಿಮೆಂಟಿನಲ್ಲಿ ಬಂಡೆ ಮಾಡಿ, ಸುತ್ತ ಬಿಳಿ ಪೆಬಲ್ ಹಾಕಿಕೊಡುತ್ತೇನೆ ಎನ್ನುತ್ತಿದ್ದಾರೆ. ನನಗೆ ನಿಜವಾದ ಕಲ್ಲೇ ಇಷ್ಟ. ಆದರೆ ಭಾರ ತಡೆಯುತ್ತಾ, ಸೊಳ್ಳೆ ಆಗುತ್ತಾ, ಹಾವು ಸೇರಿಕೊಳ್ಳುತ್ತಾ ಅಂತ ಮನೆಯವರಿಗೆ ಭಯ. ಊರಿನ ಮನೆಯಿಂದ ತಂದ ಅಮ್ಮನ ಒರಳುಕಲ್ಲೂ ಇದೆ. ಅದಕ್ಕೆ ತೂತು ಕೊರೆಸಿ ಕಾರಂಜಿ ಮಾಡಬಹುದಾ?

ಉತ್ತರ: ನಿಜವಾದ ಕಲ್ಲೇ ಹಾಕಿಸಿ. ನೆಲದ ಮೇಲೆ ಮಾಡುವ ಕೆಲಸಕ್ಕೆ ಸಿಮೆಂಟಿನ ಬಂಡೆ ಬೇಕಾಗಿಯೇ ಇಲ್ಲ. ಅದರ ಬಣ್ಣ ಬಿಸಿಲಿಗೆ ಮಾಸುತ್ತದೆ, ಸಣ್ಣ ಬಿರುಕು ಬಿಟ್ಟ ಕಡೆ ನೀರು ಇಳಿದು ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ನಿಜವಾದ ಕಲ್ಲು ಹಾಗಲ್ಲ, ವರ್ಷ ಕಳೆದ ಹಾಗೆ ಚೆನ್ನಾಗಿ ಕಾಣುತ್ತಾ ಹೋಗುತ್ತದೆ. ಅದೂ ನೀವಿರುವುದು ಮೈಸೂರಿನಲ್ಲಿ, ಕಲ್ಲಿಗೆ ಬರವಿಲ್ಲದ ಸೀಮೆ. ಮಹಡಿ ಮೇಲಿನ ತೋಟವಾಗಿದ್ದರೆ ಮಾತ್ರ ನಾನು ಬೇರೆ ಉತ್ತರ ಕೊಡುತ್ತಿದ್ದೆ. ಜನ ಓಡಾಡುವ ಸಾಮಾನ್ಯ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕೆಜಿ ಓಡಾಟದ ಭಾರ ಲೆಕ್ಕ ಹಿಡಿದು ಕಟ್ಟಿರುತ್ತಾರೆ. ಅಲ್ಲಿ ಬಂಡೆ ಇಡುವ ಯೋಚನೆಯನ್ನೇ ಮಾಡಬಾರದು.

ಕಲ್ಲಿನ ಕೆಲಸ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಕಲ್ಲನ್ನು ತಂದು ನೆಲದ ಮೇಲೆ ಇಟ್ಟುಬಿಡುತ್ತಾರೆ. ಎಷ್ಟೇ ಚೆಂದದ ಕಲ್ಲಾಗಲಿ, ಹಾಗೆ ಇಟ್ಟರೆ ಲಾರಿಯಿಂದ ಇಳಿಸಿ ಮರೆತುಹೋದ ಹಾಗೆ ಕಾಣುತ್ತದೆ. ಕಲ್ಲಿನ ಕಾಲುಭಾಗದಿಂದ ಮೂರನೇ ಒಂದು ಭಾಗ ಮಣ್ಣಿನೊಳಗೆ ಹೋಗಬೇಕು. ಕಲ್ಲಿನ ಅತಿ ಅಗಲವಾದ ಭಾಗ ಎಲ್ಲಿದೆ ನೋಡಿ. ಆ ಗೆರೆ ನೆಲದ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಕ್ಕೆ ಬರಬೇಕು. ಆಗ ಕೆಳಗೆ ಇನ್ನೂ ದೊಡ್ಡ ಬಂಡೆ ಇದೆ, ಕಾಣುತ್ತಿರುವುದು ಅದರ ತಲೆ ಮಾತ್ರ ಅನ್ನಿಸುತ್ತದೆ. ದುಡ್ಡು ಕೊಟ್ಟು ತಂದ ಕಲ್ಲನ್ನು ಹೂಳುವುದಾ ಅಂತ ಮನೆಯವರು ಕೇಳಬಹುದು. ಹೌದು, ಹೂಳಬೇಕು. ಕಲ್ಲು ಅಲುಗಾಡದೆ ಕೂರುವುದಕ್ಕೂ ಇದೇ ದಾರಿ, ಚೆಂದ ಕಾಣುವುದಕ್ಕೂ ಇದೇ ದಾರಿ.

ಒಂದು ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ದೊಡ್ಡ ನಂದಿಯ ತನಕ ಹೋದರೆ ಸಾಕು. ದಾರಿಯ ಎರಡೂ ಕಡೆ ಬಂಡೆಗಳು ಹೇಗೆ ಕುಳಿತಿವೆ ಅಂತ ಮಾತ್ರ ನೋಡುತ್ತಾ ಹೋಗಿ. ಆ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ ವಯಸ್ಸು. ಮೊದಲು ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿದೆ. ಬಿರುಕಿನೊಳಗೆ ಮಳೆನೀರು ಇಳಿದಿದೆ. ಬಿರುಕುಗಳ ನಡುವೆ ಉಳಿದ ಚೌಕದ ತುಂಡಿನ ಮೂಲೆಗೆ ನೀರು ಮೂರು ಕಡೆಯಿಂದ ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೈಗೆ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಬೇಗ ಸವೆದು ಕಲ್ಲು ಗುಂಡಗಾಗಿದೆ. ಹಂಪಿಯ ಬಂಡೆಗಳೂ ಹೀಗೇ ಆದವು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬೆಟ್ಟದಲ್ಲಿ ಅಕ್ಕಪಕ್ಕ ಇರುವ ಕಲ್ಲುಗಳು ಒಂದೇ ತಾಯಿಬಂಡೆಯ ಮಕ್ಕಳು. ಬಣ್ಣ ಒಂದೇ, ಕಣ ಒಂದೇ, ಬಿರುಕು ಹೋಗುವ ದಿಕ್ಕೂ ಒಂದೇ. ನಿಮ್ಮ ಅಂಗಳದಲ್ಲೂ ಅದೇ ನಿಯಮ ಇರಲಿ. ಎಲ್ಲ ಕಲ್ಲನ್ನೂ ಒಂದೇ ಜಾಗದಿಂದ, ಒಂದೇ ಜಾತಿಯದನ್ನು ತನ್ನಿ. ಒಂದು ಬೂದು, ಒಂದು ಕೆಂಪು, ಒಂದು ಹಸಿರು ಅಂತ ಆರಿಸಿದರೆ ಅಂಗಡಿಯ ಸ್ಯಾಂಪಲ್ ಹಲಗೆಯ ಹಾಗೆ ಆಗುತ್ತದೆ.

ಪಟ್ಟೆ ಇರುವ ಕಲ್ಲಾದರೆ ಇನ್ನೊಂದು ಎಚ್ಚರ. ನಮ್ಮ ಹಳೇ ಮೈಸೂರು ಭಾಗದ ನೆಲದಡಿ ಜಾಸ್ತಿ ಇರುವುದು ನೈಸ್ ಎಂಬ ಪಟ್ಟೆಗಲ್ಲು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇದೇ ಜಾತಿ. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಕಾಪಾಡಿಕೊಂಡು ಬಂದಿದ್ದಾರೆ. ಹತ್ತಿರದಿಂದ ನೋಡಿದರೆ ಬಿಳಿ ಕಪ್ಪು ಎಳೆಗಳು ಕಾಣುತ್ತವೆ. ಇಂಥ ಕಲ್ಲು ಮೂರು ಇಟ್ಟರೆ ಮೂರರ ಪಟ್ಟೆಯೂ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಹೋಗಬೇಕು. ಒಂದರ ಪಟ್ಟೆ ನೇರ, ಪಕ್ಕದ್ದರ ಪಟ್ಟೆ ಅಡ್ಡ ಆದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಹಾಗಂತ ಬೆಟ್ಟದಿಂದಲೋ ಹೊಳೆಯಿಂದಲೋ ಕಲ್ಲು ಎತ್ತಿಕೊಂಡು ಬರಬೇಡಿ. ಅದು ಕಾನೂನಿಗೆ ವಿರುದ್ಧ, ಬೆಟ್ಟಕ್ಕೂ ಅನ್ಯಾಯ. ಪರವಾನಗಿ ಇರುವ ಕ್ವಾರಿಯವರಿಂದ ಅಥವಾ ಕಲ್ಲಿನ ವ್ಯಾಪಾರಿಗಳಿಂದ ಬಿಲ್ ಸಮೇತ ಕೊಳ್ಳಿ. ಇನ್ನೊಂದು ದಾರಿಯೂ ಇದೆ. ನಿಮ್ಮ ಸುತ್ತಮುತ್ತ ಹೊಸ ಮನೆಗೆ ಪಾಯ ತೆಗೆಯುವಾಗ ಬಂಡೆಗಳು ಸಿಗುತ್ತವೆ. ಅದನ್ನು ಸಾಗಿಸುವುದೇ ಮನೆ ಕಟ್ಟುವವರಿಗೆ ತಲೆನೋವು. ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಕಲ್ಲು. ನಿಮ್ಮ ಬೀದಿಯ ನೆಲದ್ದೇ ಕಲ್ಲು ನಿಮ್ಮ ಅಂಗಳದಲ್ಲಿ ಹೊಂದಿಕೊಳ್ಳದೇ ಇರುತ್ತದಾ?

ಹಳೇ ಕಲ್ಲು ಮಾರುವವರ ಹತ್ತಿರ ಹೋದಾಗ ಮಾತ್ರ ಬಹಳ ಹುಷಾರಾಗಿರಿ. ವೀರಗಲ್ಲು, ಮಾಸ್ತಿಗಲ್ಲು, ನಾಗರಕಲ್ಲು, ಅಕ್ಷರ ಇರುವ ಕಲ್ಲು, ಗುಡಿಯ ಕಂಬದ ತುಂಡು ಇವನ್ನೂ ತೋಟಕ್ಕೆ ಚೆಂದ ಅಂತ ಮಾರುವವರಿದ್ದಾರೆ. ಕೊಳ್ಳಬೇಡಿ. 100 ವರ್ಷಕ್ಕಿಂತ ಹಳೆಯ ಶಿಲ್ಪ, ಶಾಸನಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ಅಡಿ ಬರುತ್ತವೆ. ಕಾನೂನು ಒಂದು ಕಡೆ ಇರಲಿ. ವೀರಗಲ್ಲು ಅಂದರೆ ಊರಿನ ದನ ಕಾಯಲೋ ಇನ್ನೊಂದಕ್ಕೋ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಅದು ಆ ಊರಲ್ಲೇ ಇರಬೇಕು. ಎಲ್ಲಾದರೂ ಮಾರಾಟಕ್ಕೆ ಕಂಡರೆ ಪುರಾತತ್ವ ಇಲಾಖೆಗೆ ತಿಳಿಸಿ.

ಕಲ್ಲು ಆರಿಸಲು ಹೋಗುವಾಗ ಒಂದು ಸುತ್ತಿಗೆ, ಒಂದು ಬಾಟಲಿ ನೀರು, ಅಳತೆ ಟೇಪು ತೆಗೆದುಕೊಂಡು ಹೋಗಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಲ್ಲು ಕಣ್ ಅಂತ ಸದ್ದು ಕೊಡುತ್ತದೆ. ದಬ್ ಅಂದರೆ ಒಳಗೆ ಬಿರುಕಿದೆ. ಮದ್ದು ಸಿಡಿಸಿ ತೆಗೆದ ಕಲ್ಲಿನಲ್ಲಿ ಇಂಥ ಬಿರುಕು ಜಾಸ್ತಿ. ಮೇಲೆ ನೀರು ಸುರಿದು ನೋಡಿ, ಮಳೆಗಾಲದಲ್ಲಿ ಅದರ ಬಣ್ಣ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಹೊಸದಾಗಿ ಒಡೆದ ಮೈಗಿಂತ ಗಾಳಿ ಮಳೆಗೆ ಮಾಗಿದ ಮೈ ಇರುವ ಕಲ್ಲು ಆರಿಸಿ. ಅದರ ಮೇಲೆ ಕಲ್ಲುಹೂವು ಬೆಳೆದಿದ್ದರೆ ಪುಣ್ಯ. ಅಡುಗೆಗೆ ಬಳಸುತ್ತೇವಲ್ಲ, ಅದರದ್ದೇ ಬಳಗ. ಅದು ಬೆಳೆಯುವುದು ಬಹಳ ನಿಧಾನ, ವರ್ಷಕ್ಕೆ ಕೆಲವೇ ಮಿಲಿಮೀಟರ್. ಆದ್ದರಿಂದ ಎತ್ತುವವರಿಗೆ ಮೊದಲೇ ಹೇಳಿ: ಉಕ್ಕಿನ ಹಗ್ಗ ನೇರವಾಗಿ ಕಟ್ಟಬೇಡಿ, ಅಗಲದ ನೈಲಾನ್ ಬೆಲ್ಟ್ ಬಳಸಿ, ಇಲ್ಲವೇ ಮಧ್ಯೆ ಗೋಣಿತಾಟು ಹಾಕಿ. ಉಕ್ಕಿನ ಹಗ್ಗದ ಗೀರು ಬಿದ್ದರೆ ವರ್ಷಗಟ್ಟಲೆ ಹೋಗುವುದಿಲ್ಲ.

ಮಾರುಕಟ್ಟೆಯಲ್ಲಿ ಬೇರೆ ಕಲ್ಲುಗಳನ್ನೂ ತೋರಿಸುತ್ತಾರೆ. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಬೂದು ಬಣ್ಣದ ಗ್ರಾನೈಟ್, ಹಾಸುಗಲ್ಲಿಗೂ ಬೆಂಚಿಗೂ ಬಹಳ ಒಳ್ಳೆಯದು. ಶಹಾಬಾದ್ ಮತ್ತು ಕಡಪ ಎರಡೂ ಸುಣ್ಣದ ಕಲ್ಲಿನ ಜಾತಿ. ಬಿಸಿಲಿಗೆ ಕಡಪದ ಕಪ್ಪು ಬಿಳಿಚಿಕೊಳ್ಳುತ್ತದೆ. ಕರಾವಳಿಯವರಾಗಿದ್ದರೆ ಕೆಂಪುಕಲ್ಲು ಅನ್ನುತ್ತಿದ್ದೆ, ಬಾದಾಮಿ ಕಡೆಯವರಾಗಿದ್ದರೆ ಮರಳುಗಲ್ಲು ಅನ್ನುತ್ತಿದ್ದೆ. ನಿಮಗೆ ಗ್ರಾನೈಟ್ ಅಥವಾ ಪಟ್ಟೆಗಲ್ಲು, ಅಷ್ಟೇ.

ಈಗ ಎಷ್ಟು ಕಲ್ಲು ಅನ್ನುವ ಮಾತು. ನಿಮ್ಮ ಜಾಗಕ್ಕೆ ಮೂರು ಬಂಡೆ ಸಾಕು, ಜೊತೆಗೆ ಆ ಒರಳು. ನಾಲ್ಕು ಹಾಸುಗಲ್ಲು ಬೇಕಾದರೆ ಸೇರಿಸಿ. ಅದಕ್ಕಿಂತ ಜಾಸ್ತಿ ಬೇಡ. ಮೂರರಲ್ಲಿ ಒಂದು ಎದ್ದು ನಿಲ್ಲುವ ಕಲ್ಲು, ಒಂದು ಮಲಗಿದ ಉದ್ದನೆಯ ಕಲ್ಲು, ಇನ್ನೊಂದು ಮಧ್ಯಮ. ಮೂರೂ ಒಂದೇ ಎತ್ತರ ಇರಬಾರದು, ಒಂದೇ ಸಾಲಿನಲ್ಲೂ ಇರಬಾರದು, ಮಧ್ಯದ ಅಂತರವೂ ಸಮ ಇರಬಾರದು. ದೊಡ್ಡದನ್ನು ಜಾಗದ ನಡುಮಧ್ಯ ಇಡಲು ಕೆಲಸದವರು ಒತ್ತಾಯ ಮಾಡುತ್ತಾರೆ. ಬೇಡ ಅನ್ನಿ. ಅದು ಒಂದು ಪಕ್ಕಕ್ಕೆ, ಹಿಂದಕ್ಕೆ ಸರಿದಿರಲಿ. ಹತ್ತು ಅಡಿ ಅಗಲದ ಜಾಗದಲ್ಲಿ ನೆಲದ ಮೇಲೆ ಎರಡೂವರೆ ಅಡಿ ಕಂಡರೆ ಸಾಕು, ಮೂರು ದಾಟುವುದು ಬೇಡ. ಜಪಾನಿನ ಕ್ಯೋಟೋದಲ್ಲಿ ರಿಯೋಆಂಜಿ ಎಂಬ ಗುಡಿಯ ತೋಟ ಇದೆ. ಅಲ್ಲಿ ಇರುವುದು 15 ಕಲ್ಲು, ಬಿಳಿ ಜಲ್ಲಿ, ಸ್ವಲ್ಪ ಪಾಚಿ. ಜಗಲಿಯಲ್ಲಿ ಎಲ್ಲಿ ಕುಳಿತು ನೋಡಿದರೂ ಒಂದಾದರೂ ಕಲ್ಲು ಇನ್ನೊಂದರ ಹಿಂದೆ ಮರೆಯಾಗಿರುತ್ತದೆ. ನಾವು ಅದನ್ನು ನಕಲು ಮಾಡಬೇಕಿಲ್ಲ. ಆದರೆ ಎಲ್ಲವೂ ಒಂದೇ ನೋಟಕ್ಕೆ ಕಾಣಬೇಕಾಗಿಲ್ಲ ಅನ್ನುವುದನ್ನು ಅಲ್ಲಿಂದ ತೆಗೆದುಕೊಳ್ಳಬಹುದು. ಗೇಟಿನಿಂದ ಬರುವವರಿಗೆ ಎರಡು ಕಲ್ಲು ಕಂಡು, ಮೆಟ್ಟಿಲ ಹತ್ತಿರ ಬಂದಾಗ ಮೂರನೆಯದು ಕಂಡರೆ ಆ ಪುಟ್ಟ ಜಾಗವೇ ದೊಡ್ಡದಾಗುತ್ತದೆ.

ಕಲ್ಲು ಬರುವ ಮುಂಚೆಯೇ ಇದನ್ನೆಲ್ಲ ಕಣ್ಣಿನಿಂದ ನೋಡಿ ತೀರ್ಮಾನಿಸಬಹುದು. ಗೋಣಿಚೀಲಗಳಿಗೆ ಒಣಹುಲ್ಲೋ ತೆಂಗಿನ ನಾರೋ ತುಂಬಿ, ಕಲ್ಲಿನ ಗಾತ್ರಕ್ಕೆ ಕಟ್ಟಿ, ಜಾಗದಲ್ಲಿ ಇಟ್ಟು ನೋಡಿ. ಬೆಳಿಗ್ಗೆ, ಸಂಜೆ, ಜಗಲಿಯಲ್ಲಿ ಕುಳಿತು, ಅಡುಗೆಮನೆ ಕಿಟಕಿಯಿಂದ, ಗೇಟಿನಿಂದ ನೋಡಿ. ನಾಲ್ಕು ದಿನ ಹಾಗೇ ಬಿಡಿ. ಸರಿಸಬೇಕು ಅನ್ನಿಸಿದರೆ ಸರಿಸಿ. ಚೀಲ ಸರಿಸಲು ಒಂದು ಕೈ ಸಾಕು, ಕಲ್ಲು ಸರಿಸಲು ಐದು ಜನ ಬೇಕು. ಇದೊಂದನ್ನು ದಯವಿಟ್ಟು ಬಿಡಬೇಡಿ.

ಭಾರದ ವಿಷಯ. ಗ್ರಾನೈಟ್ ಒಂದು ಘನ ಅಡಿಗೆ ಸುಮಾರು 75 ಕೆಜಿ ತೂಗುತ್ತದೆ. ಮೂರು ಅಡಿ ಎತ್ತರ, ಎರಡು ಅಡಿ ಅಗಲ, ಎರಡು ಅಡಿ ದಪ್ಪದ ಬಂಡೆ ಪೂರ್ತಿ ಚೌಕವಾಗಿದ್ದರೆ 900 ಕೆಜಿ. ಮೂಲೆ ಸವೆದು ಗುಂಡಗಿರುವುದರಿಂದ ಐದಾರು ನೂರು ಕೆಜಿ ಹಿಡಿಯಿರಿ. ನಿಮ್ಮ ಮೂರೂ ಸೇರಿ ಒಂದೂಕಾಲು ಟನ್ ಆಸುಪಾಸು ಆಗಬಹುದು. ನೆಲಕ್ಕೆ ಇದು ದೊಡ್ಡ ಭಾರವಲ್ಲ. ಅಗೆಯದ ಗಟ್ಟಿ ಕೆಂಪು ಮಣ್ಣು ಚದರ ಮೀಟರಿಗೆ 10 ಟನ್ನಿಗಿಂತ ಜಾಸ್ತಿ ತಡೆಯುತ್ತದೆ.

ಅಗೆಯದ ಮಣ್ಣು ಅನ್ನುವುದೇ ಇಲ್ಲಿ ಮುಖ್ಯ. ಸಂಪ್ ಕಟ್ಟುವಾಗ ಸುತ್ತಲೂ ಅಗಲವಾಗಿ ಅಗೆದು, ಆಮೇಲೆ ಮಣ್ಣು ಸುಮ್ನೆ ತುಂಬಿರುತ್ತಾರೆ. ಆ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಅದರ ಮೇಲೆ ಕಲ್ಲಿಟ್ಟರೆ ಒಂದೇ ಮಳೆಗಾಲದಲ್ಲಿ ವಾಲುತ್ತದೆ. ಭಾರ ಮಣ್ಣಿನ ಮೂಲಕ ಸಂಪಿನ ಗೋಡೆಯನ್ನೂ ಪಕ್ಕದಿಂದ ತಳ್ಳುತ್ತದೆ. ಸಂಪ್ ಎಷ್ಟು ಆಳವೋ ಅಷ್ಟು ದೂರದಲ್ಲಿ ದೊಡ್ಡ ಕಲ್ಲು ಇರಲಿ ಅನ್ನುವುದು ನಾನು ಪಾಲಿಸುವ ಲೆಕ್ಕ. ಆರು ಅಡಿ ಆಳದ ಸಂಪ್ ಆದರೆ ಆರು ಅಡಿ ದೂರ. 14 ಅಡಿ ಉದ್ದದ ಜಾಗದಲ್ಲಿ ಇದು ಕಷ್ಟವಲ್ಲ, ಸಂಪಿನ ಎದುರು ಮೂಲೆಗೆ ಹೋದರಾಯಿತು. ಸಂಪಿನ ಮುಚ್ಚಳದ ಸ್ಲ್ಯಾಬ್ ಮೇಲೆ ಏನೂ ಬೇಡ. ಸಂಪ್ ತೊಳೆಯಲು ಜನ ಇಳಿಯಬೇಕು, ಜಾಗ ಬೇಕು.

ಕಾಂಪೌಂಡ್ ಗೋಡೆಯಿಂದ ಒಂದೂವರೆ ಅಡಿ ಬಿಡಿ. ಆರು ಇಂಚಿನ ಬ್ಲಾಕ್ ಗೋಡೆ ನಿಂತಿರಲು ಕಟ್ಟಿದ್ದು, ಮಣ್ಣು ತಡೆಯಲು ಅಲ್ಲ. ಅದಕ್ಕೆ ಮಣ್ಣು ಒಟ್ಟಿ, ಮೇಲೆ ಕಲ್ಲು ಪೇರಿಸಿ ಗುಡ್ಡ ಮಾಡುವ ಚಪಲ ಬೇಡ. ತೇವ ಹಿಡಿಯುತ್ತದೆ, ಗೋಡೆ ಪಕ್ಕದವರ ಕಡೆಗೆ ವಾಲುತ್ತದೆ. ಬಣ್ಣ ಬಳಿಯಲೂ ಆ ಒಂದೂವರೆ ಅಡಿ ಬೇಕಾಗುತ್ತದೆ.

ಕಲ್ಲು ಕೂರಿಸುವ ಗುಂಡಿಯನ್ನು ಹೂಳಬೇಕಾದ ಆಳಕ್ಕಿಂತ ಅರ್ಧ ಅಡಿ ಜಾಸ್ತಿ ತೆಗೆಯಿರಿ. ತಳವನ್ನು ದಿಮ್ಮಸಿನಿಂದ ಚೆನ್ನಾಗಿ ಬಡಿಸಿ. ಮೇಲೆ 40 ಎಂಎಂ ಜಲ್ಲಿ ನಾಲ್ಕು ಇಂಚು, ಅದರ ಮೇಲೆ ಜಲ್ಲಿಪುಡಿ ಎರಡು ಇಂಚು ಹಾಕಿ ಮತ್ತೆ ಬಡಿಸಿ. ನೀರು ಕೆಳಗೆ ಇಳಿದುಹೋಗಬೇಕು, ನಿಲ್ಲಬಾರದು. ಕಾಂಕ್ರೀಟ್ ಬೇಕಾಗಿಲ್ಲ. ನಿಮ್ಮದು ಎರೆಮಣ್ಣಾದರೆ ಮಾತ್ರ ಲೆಕ್ಕ ಬೇರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಕಲ್ಲನ್ನೇ ಎತ್ತಿ ಇಳಿಸುತ್ತದೆ. ಹಾಗಿದ್ದರೆ ಕಲ್ಲಿನ ಅಡಿ ಒಂದೂವರೆ ಎರಡು ಅಡಿ ಮಣ್ಣು ತೆಗೆದು ಗರಸು ತುಂಬಿಸಿ, ಪದರ ಪದರವಾಗಿ ಬಡಿಸಿ.

ದೊಡ್ಡ ಕಲ್ಲು ಮೊದಲು, ಸಣ್ಣದು ಆಮೇಲೆ. ಗೇಟಿನೊಳಗೆ ಜೆಸಿಬಿ ಬರದಿದ್ದರೆ ಚಿಂತೆಯಿಲ್ಲ. ಮೂರು ಕಾಲಿನ ಸ್ಟ್ಯಾಂಡ್ ಮತ್ತು ಎರಡು ಟನ್ನಿನ ಚೈನ್ ಪುಲ್ಲಿ ಬಾಡಿಗೆಗೆ ಸಿಗುತ್ತದೆ. ಬೀದಿಯಿಂದ ಒಳಗೆ ತರಲು ದಪ್ಪ ಹಲಗೆ ಹಾಸಿ, ಪೈಪಿನ ತುಂಡುಗಳ ಮೇಲೆ ಉರುಳಿಸುತ್ತಾ, ಹಾರೆಯಿಂದ ಮೀಟುತ್ತಾ ಬರಬೇಕು. ಕಲ್ಲು ಕೆಲಸ ಗೊತ್ತಿರುವ ತಂಡವನ್ನೇ ಕರೆಸಿ. ಗಾರೆ ಕೆಲಸದವರಿಗೆ ಇದು ಬರುವುದಿಲ್ಲ. ತಲೆಮಾರುಗಳಿಂದ ಕಲ್ಲಿನ ಜೊತೆ ಬದುಕಿದವರ ಕೈಯಲ್ಲಿ 600 ಕೆಜಿ ಕಲ್ಲು ಹೇಗೆ ಮಾತು ಕೇಳುತ್ತದೆ ಅಂತ ನಿಂತು ನೋಡಬೇಕು. ಆದರೆ ಗುಂಡಿ ಮತ್ತು ಕಲ್ಲಿನ ನಡುವೆ ಯಾರೂ ನಿಲ್ಲಬಾರದು, ನೇತಾಡುವ ಕಲ್ಲಿನ ಅಡಿ ಯಾರೂ ಕೈ ಹಾಕಬಾರದು. ಮಕ್ಕಳನ್ನು ಅವತ್ತು ಮನೆಯೊಳಗೇ ಇಟ್ಟುಕೊಳ್ಳಿ. ಕಲ್ಲು ಗುಂಡಿಗೆ ಇಳಿದ ಮೇಲೆ ಅವಸರ ಮಾಡಬೇಡಿ. ಜಗಲಿಗೆ ಹೋಗಿ ನೋಡಿ, ಸ್ವಲ್ಪ ತಿರುಗಿಸಿ, ಮತ್ತೆ ನೋಡಿ. ಈ ಅರ್ಧ ಗಂಟೆಗಾಗಿ ಕೂಲಿ ಜಾಸ್ತಿ ಕೊಟ್ಟರೂ ತಪ್ಪಿಲ್ಲ. ಸರಿ ಅನ್ನಿಸಿದ ಮೇಲೆ ಅಡಿಯಲ್ಲಿ ಚಕ್ಕೆಕಲ್ಲು ಕೊಟ್ಟು ಬಿಗಿ ಮಾಡಿಸಿ, ಸುತ್ತ ಮಣ್ಣು ತುಂಬಿ, ನೀರು ಬಿಟ್ಟು ಬಡಿಸಿ. ಇಬ್ಬರು ಸೇರಿ ನೂಕಿದರೂ ಕದಲಬಾರದು.

ಹಾವಿನ ಭಯಕ್ಕೂ ಇಲ್ಲೇ ಉತ್ತರ ಇದೆ. ಹಾವು ಬರುವುದು ಕಲ್ಲಿಗಲ್ಲ, ಸಂದಿಗೆ. ಸಂದಿ ಇದ್ದರೆ ಇಲಿ ಸೇರುತ್ತದೆ, ಇಲಿ ಹಿಂದೆ ಕೇರೆ ಹಾವೋ ನಾಗರವೋ ಬರುತ್ತದೆ. ಕಲ್ಲು ಪೇರಿಸಿ ಗುಡ್ಡೆ ಮಾಡಿದ ಕಡೆ ಈ ತೊಂದರೆ ಹೆಚ್ಚು. ಮೂರೇ ಕಲ್ಲು, ಅದೂ ಬುಡ ಮಣ್ಣಿನಲ್ಲಿ ಹೂತು, ಅಕ್ಕಪಕ್ಕದ ಸಂದಿಗೆ ಮಣ್ಣು ಜಲ್ಲಿ ಬಿಗಿಯಾಗಿ ತುಂಬಿದ್ದರೆ ಅಡಗಲು ಜಾಗವೇ ಇರುವುದಿಲ್ಲ. ಒಣಗಿದ ಎಲೆ ರಾಶಿ ಬೀಳದ ಹಾಗೆ ನೋಡಿಕೊಳ್ಳಿ, ಸಾಕು.

ಇನ್ನು ನೀರು. ನಿಮಗೆ ಕೊಳ ಬೇಡ, ಜಲಪಾತವೂ ಬೇಡ. ಇಷ್ಟು ಚಿಕ್ಕ ಜಾಗದಲ್ಲಿ ಜಲಪಾತ ಅಂದರೆ ಕೊಳಾಯಿ ಸೋರಿದ ಸದ್ದೇ ಕೇಳುವುದು. ಮಧ್ಯಮ ಕಲ್ಲಿನ ನಡುವೆ ತೂತು ಕೊರೆಸಿ, ಅದರ ತಲೆಯಿಂದ ನೀರು ಮೆಲ್ಲಗೆ ಉಕ್ಕಿ, ಮೈಮೇಲೆ ಹರಿದು, ಬುಡದ ಜಲ್ಲಿಯಲ್ಲಿ ಇಂಗಿಹೋಗುವ ಹಾಗೆ ಮಾಡಿ. ನೀರಿನ ತೊಟ್ಟಿ ನೆಲದ ಕೆಳಗೆ ಇರುತ್ತದೆ, ಮೇಲೆ ಎಲ್ಲೂ ತೆರೆದ ನೀರು ಇಲ್ಲ. ಸೊಳ್ಳೆಗೆ ಮೊಟ್ಟೆ ಇಡಲು ಜಾಗ ಇಲ್ಲ, ಚಿಕ್ಕ ಮಕ್ಕಳು ಬೀಳುವ ಭಯವೂ ಇಲ್ಲ.

ತೊಟ್ಟಿಗೆ ಪ್ಲಾಸ್ಟಿಕ್ ಡ್ರಮ್ ಹೂಳುತ್ತೇವೆ ಅಂತ ಹೇಳುವವರಿದ್ದಾರೆ. 250 ಕೆಜಿ ಕಲ್ಲು ಡ್ರಮ್ ಮೇಲೆ ಕೂರಲಾರದು. ಬದಲಿಗೆ ಒಳಗಿನ ಅಳತೆ ಎರಡೂವರೆ ಅಡಿ ಚೌಕ, ಎರಡು ಅಡಿ ಆಳದ ತೊಟ್ಟಿಯನ್ನು ಸಾಲಿಡ್ ಬ್ಲಾಕಿನಲ್ಲಿ ಕಟ್ಟಿಸಿ, ಒಳಗೆ ವಾಟರ್ ಪ್ರೂಫಿಂಗ್ ಸೇರಿಸಿದ ಪ್ಲಾಸ್ಟರ್ ಮಾಡಿಸಿ. ಮುಕ್ಕಾಲು ತುಂಬಿದರೂ 250 ಲೀಟರಿಗಿಂತ ಜಾಸ್ತಿ ನೀರು ಹಿಡಿಯುತ್ತದೆ. ಅದರ ಮೇಲೆ ಮೂರು ಇಂಚು ದಪ್ಪದ ಗ್ರಾನೈಟ್ ಚಪ್ಪಡಿಗಳನ್ನು ಒಂದೊಂದು ಇಂಚು ಸಂದಿ ಬಿಟ್ಟು ಅಡ್ಡ ಹಾಕಿಸಿ. ಚಪ್ಪಡಿಯ ಮೈ ನೆಲದ ಮಟ್ಟಕ್ಕಿಂತ ಆರೆಂಟು ಇಂಚು ಕೆಳಗಿರಲಿ. ಕಲ್ಲು ಚಪ್ಪಡಿ ಮೇಲೆ ಕೂರುತ್ತದೆ. ಸಂದಿಗಳ ಮೇಲೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಸಿ, ಮೇಲೆ ಜಲ್ಲಿ ತುಂಬಿದರೆ ಕಲ್ಲಿನ ಬುಡ ಮುಚ್ಚುತ್ತದೆ, ಹೂಳಿದ ಹಾಗೇ ಕಾಣುತ್ತದೆ. ಪಕ್ಕದ ಒಂದು ಚಪ್ಪಡಿ ಮಾತ್ರ ಒಬ್ಬರೇ ಎತ್ತುವಷ್ಟು ಚಿಕ್ಕದಿರಲಿ. ಪಂಪ್ ತೆಗೆದು ತೊಳೆಯಲು ಅದೇ ಬಾಗಿಲು.

ತೂತನ್ನು ಕಲ್ಲು ಮನೆಗೆ ಬರುವ ಮುಂಚೆಯೇ ಕೊರೆಸಿ. ವಜ್ರದ ಹಲ್ಲಿನ ಕೋರ್ ಕಟರ್‌ನಿಂದ, ನೀರು ಬಿಡುತ್ತಾ, ನಿಧಾನವಾಗಿ ಕೊರೆಯಬೇಕು. ಕುಟ್ಟುವ ಡ್ರಿಲ್ ಹಾಕಿದರೆ ಕಲ್ಲು ಸೀಳುವ ಅಪಾಯ ಇದೆ. ಒಂದೂಕಾಲು ಇಂಚಿನ ತೂತು, ಒಳಗೆ ಮುಕ್ಕಾಲು ಇಂಚಿನ ಪೈಪು ಸಾಕು. ಪಂಪು ಗಂಟೆಗೆ 1000 ಲೀಟರಿನದು, ಎರಡು ಮೀಟರ್ ಎತ್ತುವ ಶಕ್ತಿ ಇರುವುದು ತನ್ನಿ. ಇಂಥ ಚಿಕ್ಕ ಮುಳುಗು ಪಂಪು 20-25 ವ್ಯಾಟಿನ ಆಸುಪಾಸು ಇರುತ್ತದೆ. ದಿನಕ್ಕೆ ಆರು ಗಂಟೆ ಓಡಿಸಿದರೂ ಕಾಲು ಯೂನಿಟ್ ಆಗುವುದಿಲ್ಲ. ನೀರು ಜಾಸ್ತಿ ಚಿಮ್ಮಿದರೆ ವಾಲ್ವ್ ತಿರುಗಿಸಿ ಕಡಿಮೆ ಮಾಡಿ. ಕರೆಂಟಿನ ವೈರು ಮಾತ್ರ ಮನಸ್ಸಿಗೆ ಬಂದ ಹಾಗೆ ಎಳೆಯಬಾರದು. ಪೈಪಿನೊಳಗೆ, ನೆಲದಡಿ ಒಂದೂವರೆ ಅಡಿ ಕೆಳಗೆ ಹೋಗಲಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್ಚು) ಮತ್ತು ಸರಿಯಾದ ಅರ್ತಿಂಗ್ ಇಲ್ಲದೆ ನೀರಿನಲ್ಲಿ ಪಂಪ್ ಇಡಲೇಬೇಡಿ. ಇದರಲ್ಲಿ ಉಳಿತಾಯ ಮಾಡುವಂತಿಲ್ಲ.

ತೊಟ್ಟಿಗೆ ಮಳೆನೀರು ತುಂಬಿಸುವುದು ಎಲ್ಲಕ್ಕಿಂತ ಒಳ್ಳೆಯದು. ತಾರಸಿಯ ಪೈಪಿನಿಂದ ಒಂದು ಕವಲು ಕೊಡಿಸಿ. ಇಲ್ಲವಾದರೆ ನಲ್ಲಿಯ ಕಾವೇರಿ, ಕಬಿನಿ ನೀರು. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಕಲ್ಲಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದನ್ನು ತೆಗೆಯಲು ಆಸಿಡ್ ಸುರಿಯುವವರಿದ್ದಾರೆ. ಆಸಿಡ್ ಬೇಡ. ಗ್ರಾನೈಟಿನೊಳಗಿನ ಕಬ್ಬಿಣದ ಅಂಶ ಹಳದಿ ತಿರುಗುತ್ತದೆ, ಸುತ್ತಲಿನ ಗಿಡ ಸಾಯುತ್ತವೆ. ನೈಲಾನ್ ಬ್ರಷ್ಷು, ನೀರು, ಸ್ವಲ್ಪ ಶ್ರಮ ಸಾಕು. ತೊಟ್ಟಿಯನ್ನು ವರ್ಷಕ್ಕೆ ಎರಡು ಸಲ, ಪಂಪಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ.

ಅಮ್ಮನ ಒರಳಿಗೆ ತೂತು ಕೊರೆಸುವುದು ನನಗೆ ಇಷ್ಟವಿಲ್ಲ. ಕೊರೆಯಬಹುದು, ಆಗದ ಕೆಲಸವಲ್ಲ. ಆದರೆ ವರ್ಷಗಟ್ಟಲೆ ರುಬ್ಬಿ ರುಬ್ಬಿ ಗುಳಿಯ ತಳ ತೆಳ್ಳಗಾಗಿರುತ್ತದೆ, ಸೀಳಿದರೆ ಅದಕ್ಕೆ ಬದಲಿ ಇಲ್ಲ. ಕಾರಂಜಿಗೆ ಯಾವ ಕಲ್ಲಾದರೂ ಆದೀತು, ಆ ಒರಳು ಒಂದೇ. ಅವರ ಕೈ ಆಡಿ ನುಣುಪಾದ ಆ ಗುಳಿಯನ್ನು ಹಾಗೇ ಉಳಿಸಿಕೊಳ್ಳಿ. ಮಲಗಿದ ಕಲ್ಲಿನ ಪಕ್ಕ, ಅರ್ಧ ಮಣ್ಣಿನಲ್ಲಿ ಇಳಿಸಿ, ಬಾಯಿ ಮಟ್ಟವಾಗಿರುವಂತೆ ಕೂರಿಸಿ, ನೀರು ತುಂಬಿ. ಬೇಸಿಗೆಯಲ್ಲಿ ಪಿಕಳಾರ, ಮಡಿವಾಳ, ಗುಬ್ಬಿ ಯಾವುದಾದರೂ ಬಂದು ಕುಡಿಯುತ್ತವೆ. ಗುಂಡುಕಲ್ಲು ಇದ್ದರೆ ಅದನ್ನೂ ಪಕ್ಕದಲ್ಲಿ ಇಡಿ, ಒರಳಿನೊಳಗೆ ಬೇಡ.

ಸೊಳ್ಳೆಯ ವಿಷಯದಲ್ಲಿ ಎಚ್ಚರ ಬೇಕಿರುವುದು ಈ ಒರಳಿಗೆ ಮಾತ್ರ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹೊರಟು ಹಾರುವ ಹೊತ್ತಿಗೆ ವಾರದಿಂದ ಹತ್ತು ದಿನ ಬೇಕು. ಅದರ ಮೊಟ್ಟೆ ನೀರಿನ ಅಂಚಿಗೆ ಕಲ್ಲಿಗೇ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಹಾಗಾಗಿ ನೀರು ಚೆಲ್ಲಿದರೆ ಸಾಲದು. ಎರಡು ಮೂರು ದಿನಕ್ಕೊಮ್ಮೆ ನೀರು ತೆಗೆದು, ಗುಳಿಯ ಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ಹಾಕಬೇಕು. ಊರಿಗೆ ಹೋಗುವಾಗ ಒರಳನ್ನು ಒಣಗಿಸಿ, ಮೇಲೆ ಮರದ ಹಲಗೆ ಮುಚ್ಚಿ ಹೋಗಿ.

ಬಿಳಿ ಪೆಬಲ್ ಬೇಡ ಅನ್ನುವುದಕ್ಕೆ ಕಾರಣ ಕೊಡುತ್ತೇನೆ. ಮೈಸೂರಿನ ಮಾರ್ಚ್ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರಾಗುತ್ತದೆ. ಕೆಂಪು ಮಣ್ಣು ಸಿಡಿದು ಕಂದು ಕಲೆ ಬೀಳುತ್ತದೆ. ಮೂರು ಕಾಲದಲ್ಲೂ ಅದನ್ನು ಆರಿಸಿ ತೊಳೆಯುವುದು ನೀವೇ. ನಿಮ್ಮ ಬಂಡೆಯ ಜಾತಿಯದ್ದೇ 12 ಅಥವಾ 20 ಎಂಎಂ ಜಲ್ಲಿ ಹಾಕಿಸಿ, ಬೆಲೆಯೂ ಕಡಿಮೆ. ಮಧ್ಯೆ ಅಲ್ಲಲ್ಲಿ ಮುಷ್ಟಿ ಗಾತ್ರದ ಚೂರು ಕಲ್ಲು ಇದ್ದರೆ ಬಂಡೆಯಿಂದಲೇ ಉದುರಿದ ಹಾಗೆ ಕಾಣುತ್ತದೆ. ಜಲ್ಲಿಯ ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಕಬೇಡಿ, ನೀರು ಇಂಗುವುದಿಲ್ಲ. ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಸಿಗುತ್ತದೆ, ಅದು ಕಳೆಯನ್ನೂ ತಡೆಯುತ್ತದೆ.

ಹಾಸುಗಲ್ಲು ಹಾಕಿಸುವುದಾದರೆ ಎರಡು ಇಂಚು ದಪ್ಪದ, ಒರಟು ಮೈಯ ಗ್ರಾನೈಟ್ ಇರಲಿ. ಪಾಲಿಶ್ ಮಾಡಿದ್ದು ಮಳೆಯಲ್ಲಿ ಜಾರುತ್ತದೆ. ಒಂದು ಕಲ್ಲಿನ ನಡುವಿನಿಂದ ಇನ್ನೊಂದರ ನಡುವಿಗೆ 20-22 ಇಂಚು ಇಟ್ಟರೆ ಸೀರೆ ಉಟ್ಟವರಿಗೂ ವಯಸ್ಸಾದವರಿಗೂ ಹೆಜ್ಜೆ ಹೊಂದುತ್ತದೆ.

ಗಿಡ ಕಡಿಮೆ ಇರಲಿ. ಬಂಡೆ ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುತ್ತದೆ, ನಾಜೂಕಿನ ಗಿಡ ಬುಡದಲ್ಲಿ ಬದುಕುವುದಿಲ್ಲ. ಬಿಸಿಲಿನ ಕಡೆಗೆ ಲೋಳೆಸರ, ಮಜ್ಜಿಗೆಹುಲ್ಲು, ದೊಡ್ಡಪತ್ರೆ. ನೀರು ಇಂಗುವ ತೇವದ ಅಂಚಿಗೆ ಒಂದೆಲಗ, ಬಜೆ. ಒಂದೆಲಗ ಹಬ್ಬಿ ಕಲ್ಲಿನ ಬುಡವನ್ನು ಮುಚ್ಚುತ್ತದೆ, ಚಟ್ನಿಗೂ ಆಗುತ್ತದೆ. ನೆರಳಿನ ಕಡೆಗೆ ಜರೀಗಿಡ. ಬುಡದ ಒಂದು ಪಕ್ಕ ಮಾತ್ರ ಗಿಡ ಇರಲಿ, ಇನ್ನೊಂದು ಪಕ್ಕ ಕಲ್ಲು ಮಣ್ಣಿಗೆ ಇಳಿಯುವುದು ಬರಿಗಣ್ಣಿಗೆ ಕಾಣಲಿ. ಪಾಚಿ ಬೇಕೆಂದು ಮಜ್ಜಿಗೆ ಸವರುವ ಸಾಹಸ ಬೇಡ, ಇರುವೆ ಬರುತ್ತದೆ. ನೆರಳು, ತೇವ ಇದ್ದ ಕಡೆ ತಾನೇ ಬರುತ್ತದೆ.

ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕಲ್ಲಿನ ಕೆಲಸ ಮುಗಿಸಿ, ನೆಲ ಗಟ್ಟಿಯಿರುವಾಗ. ಗಿಡವನ್ನು ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಿ. ಮೊದಲ ಮಳೆಗಾಲದಲ್ಲಿ ಕಲ್ಲಿನ ಸುತ್ತ ಮಣ್ಣು ಸ್ವಲ್ಪ ಕುಸಿಯುತ್ತದೆ, ಅದು ಸಹಜ. ಮಣ್ಣು ಹಾಕಿ ಬಡಿದರಾಯಿತು. ದುಡ್ಡಿನ ಲೆಕ್ಕ ಹಾಕುವಾಗ ಕಲ್ಲಿನ ಬೆಲೆಗಿಂತ ಸಾಗಾಣಿಕೆ, ಇಳಿಸುವ ಕೂಲಿಗೆ ಜಾಸ್ತಿ ತೆಗೆದಿಡಿ. ದುಡ್ಡು ಕಡಿಮೆ ಬಿದ್ದರೆ ಮೊದಲ ವರ್ಷ ಬಂಡೆಗಳನ್ನು, ಒರಳನ್ನು ಕೂರಿಸಿ, ತೊಟ್ಟಿ ಕಟ್ಟಿಸಿ, ವೈರಿನ ಪೈಪು ಹಾಕಿಸಿಬಿಡಿ. ಮಧ್ಯಮ ಕಲ್ಲಿಗೆ ತೂತು ಮಾತ್ರ ಆಗಲೇ ಕೊರೆಸಿರಬೇಕು. ಪಂಪ್ ಮುಂದಿನ ವರ್ಷ ತಂದರೂ ನಡೆಯುತ್ತದೆ.

ಕಲ್ಲು ನೋಡಲು ಹೊರಡುವ ಮುಂಚೆ ಎರಡು ಕೆಲಸ ಮಾಡಿ. ಸಂಪಿನ ಆಳ ಅಳೆದು, ಅದರ ಗೋಡೆಯಿಂದ ಅಷ್ಟೇ ದೂರಕ್ಕೆ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿ. ಗೆರೆಯ ಆಚೆ ಎರಡು ಅಡಿ ಗುಂಡಿ ತೆಗೆದು ಕೆಂಪು ಮಣ್ಣೋ ಎರೆಮಣ್ಣೋ, ಯಾರೋ ಹಿಂದೆ ತುಂಬಿಸಿದ ಇಟ್ಟಿಗೆ ಚೂರಿನ ಮಣ್ಣೋ ನೋಡಿ. ತುಂಬಿದ ಮಣ್ಣು ಸಿಕ್ಕರೆ ಗಟ್ಟಿ ನೆಲ ಸಿಗುವ ತನಕ ಅಗೆದು, ಆ ಆಳವನ್ನು ಬರೆದು ಕಳಿಸಿ. ದೊಡ್ಡ ಕಲ್ಲಿನ ಅಡಿಗೆ ಏನು ಹಾಕಿಸಬೇಕು ಅಂತ ನೋಡಿ ಹೇಳುತ್ತೇನೆ.